ಉರಿ ಯಾವ ಕಡೆ? ಡಾ. ಗ್ಲೆನಿಸ್ ಮಾಫಟ್ ಅವರ ಮೂಗಿನ ವಿಜ್ಞಾನ

ಮೂಗು ವಾಸನೆಯನ್ನಷ್ಟೇ ಅರಿಯುವ ಅಂಗವಲ್ಲ, ಉರಿಯನ್ನೂ ತಂಪನ್ನೂ ಬೇರೆಯೇ ನರದಿಂದ ಅರಿಯುತ್ತದೆ ಎಂಬ ತಿಳಿವನ್ನು ಕಾರ್ಖಾನೆಯ ಬಾಗಿಲವರೆಗೆ ತಂದವರಲ್ಲಿ ಆಸ್ಟ್ರೇಲಿಯಾದ ನಮ್ಮ ಜೀಲಾಂಗ್ ಊರಿನ ಡಾ. ಗ್ಲೆನಿಸ್ ಮಾಫಟ್ ಅಗ್ರಗಣ್ಯರು. ಅವರ ಜೊತೆ ಇಷ್ಟು ವರ್ಷ ದುಡಿದ ನಾನು ಒಂದು ದಿನವೂ ನೆಮ್ಮದಿಯಿಂದ ಚಹಾ ಕುಡಿದವನಲ್ಲ. ಲೋಟ ತುಟಿಗೆ ತಾಗುವಷ್ಟರಲ್ಲಿ "ಅದನ್ನ ಇನ್ನೊಂದ್ಸಲ ನೋಡೋಣ್ವಾ?" ಎಂದು ಎದ್ದುಬಿಡುತ್ತಿದ್ದರು.

ಅವರ ಅಳತೆಯ ಕ್ರಮ ಹೀಗೆ: ಒಂದು ಹೊಳ್ಳೆಗೆ ಕೊಳವೆಯಿಂದ ಆವಿ, ಇನ್ನೊಂದಕ್ಕೆ ಬೇರೊಂದು ಕೊಳವೆಯಿಂದ ಬರಿ ಗಾಳಿ, ಕಣ್ಣಿಗೆ ಬಟ್ಟೆ. ಆವಿ ಯಾವ ಕಡೆ ಎಂದು ಹೇಳಬೇಕು. ಬರಿ ವಾಸನೆಯಾದರೆ ಕಡೆ ತಿಳಿಯದು, ಉರಿಯಾದರೆ ತಿಳಿಯುತ್ತದೆ.

ನೆಲಹಾಸು ಕಾರ್ಖಾನೆಯ ಕೆಲಸಗಾರ ಬ್ರಾಂಕೊ ನಮ್ಮ ಪ್ರಯೋಗಾಲಯಕ್ಕೆ ಬಂದದ್ದು ಒಂದು ಚಳಿಗಾಲ. ತಲೆಗೆ ಪೆಟ್ಟಾಗಿ ವಾಸನೆಯ ಶಕ್ತಿಯನ್ನೇ ಕಳೆದುಕೊಂಡಿದ್ದ ಅವನು, ಅಂಟಿನ ಆವಿಯಿಂದ ಮೂಗು ಉರಿಯುತ್ತದೆ ಎಂದು ದೂರು ಕೊಟ್ಟಿದ್ದ. "ವಾಸನೇನೇ ಬರದವನಿಗೆ ಉರಿ ಎಲ್ಲಿಂದ ಬಂತು? ಬರೀ ನಾಟಕ!" ಎಂದು ಮೇಲ್ವಿಚಾರಕ ಅವನನ್ನು ಕೆಲಸದಿಂದ ತೆಗೆಯಲು ಹೊರಟಿದ್ದ. ಅವನ ದೂರಿನ ವಿಚಾರಣೆಗೆ ವಾರವಷ್ಟೇ ಉಳಿದಿತ್ತು.

ನಮ್ಮ ಪರೀಕ್ಷೆಯಲ್ಲಿ ಬ್ರಾಂಕೊ ಪ್ರತಿ ಸಲವೂ ಸರಿಯಾದ ಕಡೆಯನ್ನೇ ತೋರಿಸಿದ. ನಾವು ಚಪ್ಪಾಳೆ ತಟ್ಟಿದೆವು. ಗ್ಲೆನಿಸ್ ಮಾತ್ರ ಆವಿಯನ್ನು ನಿಲ್ಲಿಸಿ, ಎರಡೂ ಕೊಳವೆಗೆ ಬರಿ ಗಾಳಿ ಬಿಟ್ಟು, ತಮ್ಮ ಮೂಗಿಗೇ ಹಿಡಿದುಕೊಂಡರು. ಮುಖ ಸಪ್ಪಗಾಯಿತು. ಆವಿಯ ಕೊಳವೆ ಕಿಟಕಿಯ ಪಕ್ಕದಲ್ಲಿ ಹಾದು ತಣ್ಣಗಾಗಿತ್ತು. ಆ ತಂಪೇ ಕಡೆಯನ್ನು ಹೇಳಿಕೊಡುತ್ತಿದ್ದಿರಬಹುದು.

"ಇದು ನಡೆಯಲ್ಲ. ಮತ್ತೆ ಮಾಡ್ಬೇಕು."

"ಅಯ್ಯೋ ಡಾಕ್ಟ್ರೇ, ಗೆದ್ದಾಗಿತ್ತಲ್ಲ! ನನ್ನ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀರಿ?"

"ನಿನ್ನ ಮೂಗನ್ನ ನಂಬ್ತೀನಿ ಕಣೋ. ನನ್ನ ಕೊಳವೇನ ನಂಬಲ್ಲ."

ನನಗೆ ಸಿಟ್ಟು ಬಂತು. ಈಗಲೂ ಅದನ್ನು ಮುಚ್ಚಿಡಲಾರೆ. ಎರಡೂ ಕೊಳವೆಗಳನ್ನು ಒಂದೇ ಬೆಚ್ಚನೆಯ ನೀರಿನೊಳಗಿಂದ ಹಾಯಿಸಿ ಮರುದಿನ ಮತ್ತೆ ಕೂತೆವು. ಮೊದಲು ತೆಳು ಆವಿ: ಬ್ರಾಂಕೊ ತಪ್ಪಿದ. ಮತ್ತೂ ತಪ್ಪಿದ. ಕಾರ್ಖಾನೆಯಲ್ಲಿ ನಿಜಕ್ಕೂ ಇರುವಷ್ಟು ಆವಿಗೆ ಬಂದಾಗ ಅವನ ಕಣ್ಣಲ್ಲಿ ನೀರು ಬಂತು, "ಎಡಗಡೆ" ಎಂದ, ಅದು ಎಡವೇ. ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ವಿಚಾರಣೆಯ ದಿನ ಕಾರ್ಖಾನೆಯ ವಕೀಲರು ಎದ್ದು ಕೇಳಿದ ಮೊದಲ ಪ್ರಶ್ನೆ: "ಎರಡೂ ಕೊಳವೆ ಒಂದೇ ಬಿಸಿ ಇದ್ವಾ?"

"ಇದ್ವು," ಎಂದರು ಗ್ಲೆನಿಸ್.

ವಕೀಲರು ಕೂತರು. ಬ್ರಾಂಕೊ ಕೆಲಸದಲ್ಲೇ ಉಳಿದ, ಅಂಟಿನ ಕೋಣೆಗೆ ಗಾಳಿಯಂತ್ರ ಬಂತು.

ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ವಿಶ್ರಾಂತಿಯನ್ನು ಹಾರೈಸಿದರೆ ಬೈಸಿಕೊಳ್ಳಬೇಕಾದೀತು. ಅವರು ನೂರ್ಕಾಲ ಬಾಳಲಿ, ನಮ್ಮನ್ನು ಸುಮ್ಮನೆ ಕೂರಲು ಬಿಡದಿರಲಿ.