ಎಡಗಾಲಿಗೊಂದು ಗೇರ್‌ಬಾಕ್ಸ್

ಲಂಡನ್ನಿನ ಪಶ್ಚಿಮದ ಅಂಚಿನ ಫೆಲ್ಥಮ್‌ನಲ್ಲಿ ಮನೆ ಕೊಂಡಾಗ ಗ್ಯಾರೇಜಿನಲ್ಲಿ ಅಕ್ಕಿ ಚೀಲ, ಹಳೆಯ ಸೂಟ್‌ಕೇಸು, ಮಗಳ ಸೈಕಲ್ಲು ಇಡೋಣ ಅಂದುಕೊಂಡಿದ್ದೆ. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವ ಒಬ್ಬ ಮನುಷ್ಯನನ್ನೂ ನಾನು ಇಲ್ಲಿ ಕಂಡಿಲ್ಲ. ಆದರೆ ನಮ್ಮ ಮನೆಯವರಿಗೆ ಐವತ್ತೆಂಟು ತುಂಬಿದ ವರ್ಷ ಒಂದು ಲಾರಿ ಬಂದು, ಉಕ್ಕಿನ ಕೊಳವೆಗಳನ್ನು ಬೆಸೆದ ಒಂದು ಪಂಜರವನ್ನೂ ಹದಿನಾಲ್ಕು ರಟ್ಟಿನ ಡಬ್ಬಿಗಳನ್ನೂ ಇಳಿಸಿಹೋಯಿತು. ಅದು ಸ್ಪೋರ್ಟ್ಸ್ ಕಾರಂತೆ. ಮನೆಯಲ್ಲೇ ಕೂತು ಕಟ್ಟಿಕೊಳ್ಳುವ ಕಾರು. ಚೌಕಟ್ಟು ಮತ್ತು ಮೈಹೊದಿಕೆಯನ್ನು ಕಂಪನಿಯವರು ಕಳಿಸುತ್ತಾರೆ. ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಗಾಲಿಗಳ ಅಚ್ಚು ಎಲ್ಲ ನಾವೇ ಹುಡುಕಿ ಆರಿಸಿ ಕೂಡಿಸಬೇಕು. ನನ್ನ ಅಕ್ಕಿ ಚೀಲ ಮೆಟ್ಟಿಲ ಕೆಳಗೆ ಹೋಯಿತು.

ನನಗೆ ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ. ಆದರೂ ಬಾಯಿ ಮುಚ್ಚಿಕೊಂಡೆ. ಅದಕ್ಕೆ ಕಾರಣ ಇವರ ಎಡಗಾಲು.

ಇವರು ಹುಬ್ಬಳ್ಳಿಯ ಲಾರಿ ಡ್ರೈವರ್ ಒಬ್ಬರ ಮಗ. ನಮ್ಮ ಮಾವ ಹುಬ್ಬಳ್ಳಿಯಿಂದ ಅಂಕೋಲೆಗೆ ಘಾಟು ಇಳಿದು ಹತ್ತಿಯೇ ಮೂವತ್ತು ವರ್ಷ ಕಳೆದವರು. ಮಗ ಇಲ್ಲಿಗೆ ಬಂದು ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಬೆಲ್ಟುಗಳ ರಿಪೇರಿ ಮಾಡುತ್ತಿದ್ದರು. ನಾನು ಧಾರವಾಡದವಳು, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಸ್ಟ್. ಕಾರಿನ ಪಂಜರ ಬರುವುದಕ್ಕೆ ಒಂದು ವರ್ಷ ಮೊದಲು ಇವರ ಬೆನ್ನಿಗೆ ಆಪರೇಷನ್ ಆಗಿತ್ತು. ಬೆನ್ನು ನೆಟ್ಟಗಾಯಿತು, ಎಡಪಾದ ಮಾತ್ರ ಜೋತುಬಿತ್ತು. ಬೆರಳು ಮೇಲಕ್ಕೆ ಏಳುತ್ತಿರಲಿಲ್ಲ. ಕಾರ್ಪೆಟ್ಟಿನ ಅಂಚಿಗೆ ಎಡವುತ್ತಿದ್ದರು, ಚಪ್ಪಲಿ ದಾರಿಯಲ್ಲೇ ಉಳಿದುಬಿಡುತ್ತಿತ್ತು. ಕೆಲಸದಿಂದ ಬೇಗ ನಿವೃತ್ತಿ ಕೊಟ್ಟರು. ಆರು ತಿಂಗಳು ಮುಂದಿನ ಕೋಣೆಯಲ್ಲಿ ಕೂತು ಗೋಡೆ ನೋಡಿದರು. ಅಂಥವರು ಒಂದು ದಿನ ಎದ್ದು ಕಾರು ಕಟ್ಟುತ್ತೇನೆ ಅಂದರೆ ಯಾವ ಹೆಂಡತಿ ಬೇಡ ಅಂದಾಳು?

ಪ್ರತಿ ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದಮೇಲೆ ನಮ್ಮದೊಂದು ಪದ್ಧತಿ ಇತ್ತು. ಇವರು ಮೆಟ್ಟಿಲ ಮೇಲೆ ಕೂರುವರು, ನಾನು ಕೆಳಗೆ ಕೂತು ಅವರ ಪಾದದ ಮೇಲೆ ಕೈಯಿಟ್ಟು ಒತ್ತುವೆ.

"ಬೆರಳ ಮ್ಯಾಲೆ ಎತ್ರಿ. ನನ್ನ ಕೈನ ತಳ್ರಿ."

"ಎಷ್ಟ?" ಎಂದು ಕೇಳುವರು.

ಸ್ನಾಯುವಿನ ಬಲಕ್ಕೆ ನಾವು ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತೇವೆ. ಐದು ಅಂದರೆ ಪೂರ್ತಿ ಬಲ. ನಾಲ್ಕು ಅಂದರೆ ನನ್ನ ಕೈಯ ಒತ್ತಡವನ್ನು ಸ್ವಲ್ಪ ತಡೆಯಬಲ್ಲದು. ಮೂರು ಅಂದರೆ ತನ್ನ ಭಾರವನ್ನು ತಾನು ಎತ್ತಬಲ್ಲದು, ಅಷ್ಟೆ. ಒಂದು ಬೆರಳಿಟ್ಟು ಒತ್ತಿದರೂ ಬಿದ್ದುಹೋಗುತ್ತದೆ.

ಇನ್ನು ಗೇರ್‌ಬಾಕ್ಸಿನ ವಿಷಯ. ಒಂದು ಹಳೆಯ ಜಪಾನಿ ಎರಡು ಸೀಟಿನ ಕಾರನ್ನು ಗುಜರಿಗೆ ಹೋಗುವ ಮೊದಲೇ ಹಿಡಿದು, ಅದರ ಎಂಜಿನ್ನು ಇಳಿಸಿಕೊಂಡಿದ್ದರು. ಅದಕ್ಕೆ ಎರಡು ತರಹದ ಗೇರ್‌ಬಾಕ್ಸು ಸಿಗುತ್ತಿದ್ದವು. ಒಂದು ಎಡಗಾಲಿಂದ ಕ್ಲಚ್ ತುಳಿದು ಕೈಯಿಂದ ಹಾಕುವ ಐದು ಗೇರಿನದು, ಇನ್ನೊಂದು ಆಟೊಮ್ಯಾಟಿಕ್. ಅಡುಗೆಮನೆಯ ಮೇಜಿನ ಮೇಲೆ ಆ ಚರ್ಚೆ ಚಳಿಗಾಲ ಪೂರ್ತಿ ನಡೆಯಿತು. ನಾನು ಈ ದೇಶದಲ್ಲಿ ಡ್ರೈವಿಂಗ್ ಟೆಸ್ಟ್ ಪಾಸಾಗಿದ್ದು ಆಟೊಮ್ಯಾಟಿಕ್ ಕಾರಿನಲ್ಲಿ. ಹಾಗೆ ಪಾಸಾದವರು ಕ್ಲಚ್ಚಿನ ಕಾರು ಓಡಿಸುವಂತಿಲ್ಲ. ಮನೆಯ ಕಾರೂ ಆಟೊಮ್ಯಾಟಿಕ್ಕೇ.

"ಆಟೊಮ್ಯಾಟಿಕ್ ಹಾಕ್ರಿ. ನಿಮ್ಮ ಕಾಲಿಗೂ ಚಲೋ, ನಾನೂ ಒಂದೀಟು ಓಡಸ್ತೀನಿ," ಅಂದೆ.

"ಕ್ಲಚ್ ಇಲ್ಲದ್ದು ಗಾಡಿ ಅಲ್ಲ, ಲಿಫ್ಟ್ ಅದು. ಒಳಗ ನಿಂತು ಗುಂಡಿ ಒತ್ತೂದು," ಅಂದರು.

ಸ್ಟ್ರಾಟ್‌ಫರ್ಡ್‌ನ ಫ್ಲ್ಯಾಟಿನಿಂದ ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನದು. "ಜಸ್ಟ್ ಗೆಟ್ ದಿ ಆಟೊಮ್ಯಾಟಿಕ್, ಡ್ಯಾಡ್." ಇವರು ಫೋನನ್ನು ನನ್ನ ಕೈಗೆ ಕೊಟ್ಟು ಎದ್ದುಹೋದರು. ಇನ್ನೂ ಒಂದು ತೊಡಕಿತ್ತು. ಆಟೊಮ್ಯಾಟಿಕ್ ಡಬ್ಬಿ ದಪ್ಪ. ಪಂಜರದ ನಡುವಿನ ಸುರಂಗದಲ್ಲಿ ಅದು ಕೂರಬೇಕಾದರೆ ಕೊಳವೆಗಳನ್ನು ಕತ್ತರಿಸಿ ಮತ್ತೆ ಬೆಸೆಯಬೇಕು. ಹೀಗಾಗಿ ಮೊದಲೇ ನಿಶ್ಚಯ ಮಾಡಬೇಕಿತ್ತು, ಆಮೇಲೆ ಮನಸ್ಸು ಬದಲಿಸಲು ಬರುವಂತಿರಲಿಲ್ಲ.

ಆ ಭಾನುವಾರ ಇವರು ಪಾದವನ್ನು ನನ್ನ ಕೈಗೆ ಕೊಟ್ಟು ಅಂದರು, "ಇವತ್ತ ಖರೆ ಹೇಳು. ನಾಳೆ ಗೇರ್‌ಬಾಕ್ಸಿಗೆ ಹೇಳಾಂವ ಅದೀನಿ. ನಾಲ್ಕಿದ್ದರ ಕ್ಲಚ್. ಇಲ್ಲಂದ್ರ ಇಲ್ಲ."

ಒತ್ತಿದೆ. ಮೂರು. ಸಂಶಯಕ್ಕೆ ಜಾಗವೇ ಇರಲಿಲ್ಲ. ತಲೆ ಎತ್ತಿ ನೋಡಿದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನ ಮುಖ. ಆ ಗೋಡೆ ನೋಡಿದ ಆರು ತಿಂಗಳು ನನ್ನ ಕಣ್ಣ ಮುಂದೆ ಬಂತು.

"ನಾಲ್ಕು," ಅಂದೆ.

ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನಾನು ಒಬ್ಬ ರೋಗಿಗೂ ಸುಳ್ಳು ಅಂಕ ಕೊಟ್ಟವಳಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಅನ್ನುತ್ತಾರಲ್ಲ, ಅದರ ಗತಿ ನನ್ನದಾಯಿತು. ಒಮ್ಮೆ ನಾಲ್ಕು ಅಂದಮೇಲೆ ಮುಂದಿನ ವಾರ ಮೂರು ಅನ್ನುವುದು ಹೇಗೆ? ಎರಡು ವರ್ಷ ಪ್ರತಿ ಭಾನುವಾರ ನಾಲ್ಕು ಅನ್ನುತ್ತಲೇ ಹೋದೆ. ಕಾಲು ಹೇಗೂ ಸುಧಾರಿಸುತ್ತದೆ, ಆಗ ನನ್ನ ಮಾತೇ ನಿಜವಾಗುತ್ತದೆ ಅಂತ ನಂಬಿಕೊಂಡಿದ್ದೆ.

ಆದರೆ ಆ ಎರಡು ಚಳಿಗಾಲಗಳನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಪಾಪಪ್ರಜ್ಞೆಯ ಜೊತೆಗೇ ಅಷ್ಟು ಸುಖ ಇರಲು ಸಾಧ್ಯ ಅಂತ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದು ಎರಡು ಕಪ್ ಚಹಾ ಹಿಡಿದು ನೇರ ಗ್ಯಾರೇಜಿಗೆ ಹೋಗುತ್ತಿದ್ದೆ. ಚಿಕ್ಕ ಹೀಟರಿನ ಮುಂದೆ ಮಗುಚಿಟ್ಟ ಬಕೆಟ್ಟಿನ ಮೇಲೆ ನನ್ನ ಜಾಗ. ಎರಡು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಹೋದಾಗ ಇಬ್ಬರೂ ಮಾತು ನಿಲ್ಲಿಸಿ, ಅದು ದಾಟಿದಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದೆವು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾವು ಅಷ್ಟು ಮಾತಾಡಿದ್ದು ಅಲ್ಲೇ.

ಹಿಂದಿನ ಅಚ್ಚನ್ನು ಆರಿಸುವಾಗ ನಡೆದದ್ದು ಇನ್ನೂ ನಗು ತರಿಸುತ್ತದೆ. ಅಚ್ಚಿನ ನಡುವೆ ಇರುವ ಹಲ್ಲುಗಾಲಿಗಳಿಗೆ ಹುಬ್ಬಳ್ಳಿ ಕಡೆ ಕ್ರೌನ್-ಪಿನಿಯನ್ ಅನ್ನುತ್ತಾರೆ. ಅವುಗಳ ಹಲ್ಲಿನ ಲೆಕ್ಕದ ಮೇಲೆ ಗಾಡಿ ಎಳೆಯುವ ಗಾಡಿಯೋ ಓಡುವ ಗಾಡಿಯೋ ಎಂದು ನಿರ್ಧಾರವಾಗುತ್ತದೆ. ಇವರು ಎಳೆಯುವ ಜೋಡಿಯನ್ನೇ ತಂದರು.

"ಇದು ಇದ್ದರ ಘಾಟಿನ್ಯಾಗ ದಮ್ ಹಿಡೀತೈತಿ. ನಮ್ಮಪ್ಪ ಯಾವತ್ತೂ ಇಂಥಾದ್ದ ಹಾಕಸ್ತಿದ್ದ."

"ಫೆಲ್ಥಮ್‌ನ್ಯಾಗ ಯಾವ ಘಾಟ್ ಐತ್ರೀ? ರೈಲ್ವೆ ಬ್ರಿಜ್ ಒಂದ ಐತಿ."

"ಐತಲ್ಲ. ಹತ್ತಬೇಕಲ್ಲ ಅದನ್ನ."

ಮೋಟಾರ್‌ವೇ ಮೇಲೆ ಈ ಕಾರು ಅರಚಿಕೊಳ್ಳುವುದು ಆ ಜೋಡಿಯಿಂದಲೇ. ನೆಲ ಚಪ್ಪಟೆಯಾಗಿರುವ ಲಂಡನ್ನಿನಲ್ಲಿ ಅಂಕೋಲೆ ಘಾಟಿನ ಅಚ್ಚು ಹಾಕಿಸಿಕೊಂಡ ಮನುಷ್ಯ ಇವರೊಬ್ಬರೇ ಇರಬೇಕು. ಅದರಲ್ಲಿ ಇನ್ನೊಂದು ಲೆಕ್ಕವೂ ಇತ್ತೆಂದು ನನಗೆ ಬಹಳ ತಡವಾಗಿ ತಿಳಿಯಿತು. ಎಳೆಯುವ ಅಚ್ಚಿದ್ದರೆ ಊರೊಳಗೆ ಮೂರನೇ ಗೇರಿನಲ್ಲೇ ನಿಧಾನ ಸುತ್ತಬಹುದು. ಗೇರು ಇಳಿಸುವ ಕೆಲಸ ಕಡಿಮೆ, ಕಾಲಿಗೆ ಶ್ರಮ ಕಡಿಮೆ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡಿದ ದಿನ ಇವರು ಮಗಳ ಜಾತಕ ಕೂಡಿಬಂದಷ್ಟು ಹಿಗ್ಗಿದರು. ಮಹಾನವಮಿಯ ಆಯುಧಪೂಜೆಗೆ, ನಮ್ಮ ಕಡೆಯ ಖಂಡೆ ಪೂಜೆಗೆ, ಮರದ ಹಲಗೆಯ ಮೇಲೆ ಗೇರ್‌ಬಾಕ್ಸ್ ಇಟ್ಟು, ಅದಕ್ಕೆ ಅರಿಷಿಣ ಕುಂಕುಮ ಏರಿಸಿ, ಚೆಂಡುಹೂ ಹಾಕಿದೆವು. ಇವರು ಕೈಮುಗಿದು ನಿಂತಾಗ ನಾನೂ ಕೈಮುಗಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ನಾನು ಹೇಳಿದ್ದು ಒಂದೇ, ನಡೆಸಿಕೊಡಪ್ಪ ಅಂತ ಬೇಡಿಕೊಂಡೆ.

ಕ್ಲಚ್ಚಿನ ಕೆಲಸಕ್ಕೆ ಇವರು ನಾಲ್ಕು ವಾರ ತೆಗೆದುಕೊಂಡರು. ಪೆಡಲ್ ಎಷ್ಟು ಎತ್ತರದಲ್ಲಿರಬೇಕು, ಎಷ್ಟು ಹಗುರಾಗಿರಬೇಕು ಎಂದು ಹಾಳೆಗಳ ಮೇಲೆ ಲೆಕ್ಕ ಹಾಕಿದರು. ಒಂದು ಹಾಳೆಯ ತಲೆಯ ಮೇಲೆ "ಎಡಗಾಲು: 4" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಅದನ್ನು ಕಂಡ ದಿನ ಹೇಳಿಬಿಡಬೇಕಿತ್ತು. ಚಹಾ ಕಪ್ಪು ತೊಳೆಯುವ ನೆವ ಮಾಡಿ ಒಳಗೆ ಹೋದೆ.

ಕಾರು ಪೂರ್ತಿಯಾದಾಗ ಅದಕ್ಕಿನ್ನೂ ನಂಬರು ಸಿಕ್ಕಿರಲಿಲ್ಲ, ರಸ್ತೆಗೆ ಇಳಿಸುವಂತಿರಲಿಲ್ಲ. ಇವರ ಹಳೆಯ ಸಹೋದ್ಯೋಗಿಯೊಬ್ಬರು ಹತ್ತಿರದ ಹೇಸ್‌ನ ಒಂದು ವೇರ್‌ಹೌಸಿನ ಹಿಂದಿನ ಅಂಗಳವನ್ನು ರಜೆಯ ದಿನ ಬಳಸಲು ಕೇಳಿ ಕೊಟ್ಟರು, ಟ್ರೇಲರ್ ಮೇಲೆ ಕಾರನ್ನು ತಂದು ಇಳಿಸಿ ಹೋದರು. ನಾಲ್ಕು ಗಾಲಿಯ ಕೆಳಗೂ ನಿಂಬೆಹಣ್ಣು ಇಟ್ಟೆ. ಇವರು ಕೂತು ಎಂಜಿನ್ನು ಶುರು ಮಾಡಿ ನನ್ನ ಕಡೆ ನೋಡಿ ನಕ್ಕರು. ಆ ನಗು ನಾನು ಮದುವೆಯ ಹೊಸದರಲ್ಲಿ ಕಂಡದ್ದು.

ಮೊದಲನೇ ಗೇರಿನಲ್ಲಿ ಅಂಗಳ ಅರ್ಧ ದಾಟಿದರು. ಎರಡನೆಯದಕ್ಕೆ ಹಾಕಲು ಎಡಪಾದ ಎತ್ತಲು ಹೋದರು. ಬೂಟಿನ ಭಾರಕ್ಕೆ ಪಾದ ಏಳಲಿಲ್ಲ. ಜೋತ ಬೆರಳು ಪೆಡಲಿನ ಮೇಲೆ ಹೋಗುವ ಬದಲು ಅದರ ಅಡಿಗೆ ಸಿಕ್ಕಿಕೊಂಡಿತು. ಅವರು ತಲೆ ಬಗ್ಗಿಸಿ ಕಾಲು ನೋಡಿದ ಅಷ್ಟರಲ್ಲೇ ಕಾರು ಮರದ ಹಲಗೆಗಳ ರಾಶಿಯ ಹತ್ತಿರ ಬಂದಿತ್ತು. ಬಲಗಾಲಿಂದ ಬ್ರೇಕ್ ತುಳಿದರು. ಎಂಜಿನ್ನು ಜಗ್ಗಿ ನಿಂತಿತು, ಮುಂದಿನ ಒಂದು ದೀಪ ಒಡೆಯಿತು. ಇವರಿಗೆ ಏನೂ ಪೆಟ್ಟಾಗಲಿಲ್ಲ. ನಾನು ಓಡಿಹೋದಾಗ ಅವರು ಎರಡೂ ಕೈಯಿಂದ ತಮ್ಮ ಪ್ಯಾಂಟು ಹಿಡಿದು ಕಾಲನ್ನು ಪೆಡಲಿನ ಅಡಿಯಿಂದ ಬಿಡಿಸಿಕೊಳ್ಳುತ್ತಿದ್ದರು.

"ಎಷ್ಟ ಇದು?" ಎಂದು ಕೇಳಿದರು.

"ಮೂರು."

"ಯಾವಾಗಿಂದ?"

"ಮೊದಲಿಂದ."

ಅವರು ಕಾರಿನ ಕೀಲಿ ಕಳಚಿಕೊಂಡರು. "ಊರ ಪೇಶಂಟರಿಗೆಲ್ಲಾ ಖರೆ ಹೇಳತಿ. ನನಗೊಬ್ಬಂಗ ಸುಳ್ಳು. ನೀ ಕೊಟ್ಟ ಅಳತಿ ಮ್ಯಾಲೆ ಕಟ್ಟೀನಿ ಇದನ್ನ."

ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಹದಿಮೂರು ದಿನ ಮನೆಯಲ್ಲಿ "ಚಹಾ ಆತೇನು", "ಬಾಗಲಾ ಹಾಕ್ಕೊ" ಬಿಟ್ಟು ಬೇರೆ ಮಾತಿಲ್ಲ. ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ಮತ್ತೆ ಮುಂದಿನ ಕೋಣೆಯ ಅದೇ ಕುರ್ಚಿ. ಆ ಕುರ್ಚಿಯಿಂದ ಏಳಿಸಲೆಂದೇ ಹೇಳಿದ ಸುಳ್ಳು ಅವರನ್ನು ಅಲ್ಲಿಗೇ ತಂದು ಕೂರಿಸಿತ್ತು. ನಾನು ಬಚ್ಚಲಮನೆಯ ನಲ್ಲಿ ಬಿಟ್ಟು ಅತ್ತಿದ್ದೇನೆ.

ಹದಿನಾಲ್ಕನೆಯ ದಿನ ನಾನು ಆಸ್ಪತ್ರೆಯಿಂದ ಬಂದಾಗ ಗ್ಯಾರೇಜಿನಲ್ಲಿ ದೀಪ ಇತ್ತು. ಇವರು ಟೇಪು ಹಿಡಿದು ಸುರಂಗದ ಅಗಲ ಅಳೆಯುತ್ತಿದ್ದರು. ಆಟೊಮ್ಯಾಟಿಕ್ ಹಾಕಬೇಕಾದರೆ ಮೈಯೆಲ್ಲ ಬಿಚ್ಚಿ ಪಂಜರ ಕತ್ತರಿಸಬೇಕು, ಇನ್ನೂ ಎರಡು ವರ್ಷದ ಕೆಲಸ.

"ಕತ್ತರಸ್ರಿ. ನಾನೂ ಹಿಡೀತೀನಿ," ಅಂದೆ.

"ಕತ್ತರಸೂದಿಲ್ಲ." ಟೇಪನ್ನು ಬಿಟ್ಟರು, ಅದು ಸರ್ರನೆ ಒಳಗೆ ಸೇರಿತು. "ನೀ ಕ್ಲಚ್ ಕಲಿ."

"ಈ ವಯಸ್ಸಿನ್ಯಾಗ?"

"ಅಳತಿ ನಿಂದು. ಗಾಡಿ ಹೊಡಿಯಾಕಿನೂ ನೀನ."

ಕಲಿತೆ. ಐವತ್ತೇಳನೆಯ ವಯಸ್ಸಿನಲ್ಲಿ ಫೆಲ್ಥಮ್‌ನ ಒಳಬೀದಿಗಳಲ್ಲಿ ಡ್ರೈವಿಂಗ್ ಸ್ಕೂಲಿನ ಕಾರನ್ನು ಎಷ್ಟು ಸಲ ನಡುವೆ ಬಂದ್ ಬೀಳಿಸಿದೆನೋ ಲೆಕ್ಕವಿಲ್ಲ. ನಮ್ಮ ಕಾರು ಸರ್ಕಾರದ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿತು, ನಾನು ನನ್ನದನ್ನು ಮೂರನೇ ಸಲಕ್ಕೆ. ಇವರು ಪೆಡಲನ್ನು ನನ್ನ ಕಾಲಿನ ಅಳತೆಗೆ ಮತ್ತೆ ಹೊಂದಿಸಿದರು.

ಮೊದಲ ಬಾರಿ ಹೊರಟಿದ್ದು ಸ್ಟ್ರಾಟ್‌ಫರ್ಡ್‌ಗೆ, ಮಗಳ ಮನೆಗೆ. ಲಂಡನ್ನನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ದಾಟುವ ದಾರಿ. ನೂರು ಸಿಗ್ನಲ್ಲು. ಮೇಲ್ಛಾವಣಿ ಇಲ್ಲ, ಬಸ್ಸಿನಲ್ಲಿ ಕೂತವರು ಇವರ ತೊಡೆಯ ಮೇಲಿನ ತಿಂಡಿಯ ಡಬ್ಬಿಯನ್ನೂ ನೋಡಬಹುದು. ಇವರು ಪಕ್ಕದಲ್ಲಿ ಕೂತು "ಎರಡು", "ಮೂರು", "ತಡಿ, ಈಗ" ಅನ್ನುತ್ತಿದ್ದರು. ಅರ್ಧ ದಾರಿ ಕಳೆದಮೇಲೆ ನನ್ನ ಕಣ್ಣಿಗೆ ಬಿತ್ತು. ನಾನು ಕ್ಲಚ್ ತುಳಿದಾಗಲೆಲ್ಲ ಅವರ ಎಡಗಾಲೂ ಬರಿಯ ನೆಲವನ್ನು ತುಳಿಯುತ್ತಿತ್ತು.

ಒಂದು ಕೆಂಪು ದೀಪಕ್ಕೆ ನಿಂತಿದ್ದೆವು. "ಒಂದ ಮಾತ ಹೇಳತೀನಿ, ದೀಪದ ಮ್ಯಾಲೆ ನಿಗಾ ಇಡು," ಅಂದರು. "ಆ ದಿನ ನೀ ಮೂರು ಅಂದಿದ್ದರ ಆ ಪಂಜರಾ ಮರುದಿನಾನ ಮಾರಾಂವ ಇದ್ದೆ. ಗಿರಾಕಿನೂ ಸಿಕ್ಕಿದ್ದ." ನನ್ನ ಕಡೆ ಬೆರಳೆತ್ತಿ, "ಹಂಗಂತ ಇನ್ನೊಮ್ಮೆ ಹಂಗ ಹೇಳಬ್ಯಾಡ," ಅಂದರು.

ದೀಪ ಹಸಿರಾಯಿತು. ನನಗೆ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಕ್ಲಚ್ಚಿನಿಂದ ಕಾಲು ಜಾರಿ ಕಾರು ಜಗ್ಗಿ ನಿಂತುಬಿಟ್ಟಿತು. ಹಿಂದಿನ ಬಸ್ಸು ಹಾರ್ನ್ ಹೊಡೆಯತೊಡಗಿತು. ನಾನು ನಡುರಸ್ತೆಯಲ್ಲಿ, ಎಲ್ಲರೆದುರು, ಬಿಕ್ಕಿಬಿಕ್ಕಿ ಅಳುತ್ತಿದ್ದೆ.

"ಅಳೂದು ಆಮ್ಯಾಲೆ ಅಳುವಂತಿ," ಅಂದರು ಇವರು. "ಮದಲ ನ್ಯೂಟ್ರಲ್‌ಗೆ ಹಾಕು."

ಹಾಕಿದೆ.