ಒಂದೇ ಸ್ಕೂಟರು ಹನ್ನೊಂದು ಸಲ

ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ನನಗೆ ಮೂರು ದಿನದ ಕೆಲಸವೊಂದು ಸಿಕ್ಕಿತು. ಕುಮಟಾದಿಂದ ಘಟ್ಟ ಹತ್ತುವ ರಾಜ್ಯ ಹೆದ್ದಾರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು, ಹಾದುಹೋಗುವ ವಾಹನಗಳನ್ನು ಎಣಿಸುವುದು. ಹಾಳೆಯಲ್ಲಿ ಬಸ್ಸು, ಲಾರಿ, ಸೈಕಲ್ಲು, ಎತ್ತಿನ ಗಾಡಿಗೆಲ್ಲ ಒಂದೊಂದು ಕಾಲಂ. ಒಂಟೆ ಗಾಡಿಗೂ ಒಂದಿತ್ತು.

ನನ್ನನ್ನು ಕೂರಿಸಿದ್ದು ಗುಡ್ಡದ ಬುಡದ ತಿರುವಿನ ಬಸ್ ತಂಗುದಾಣದಲ್ಲಿ. ಮೊದಲ ದಿನ ಮಧ್ಯಾಹ್ನದೊಳಗೆ ಎರಡು ಬಸ್ಸು, ಒಂದು ಮೀನಿನ ಟೆಂಪೋ, ನಾಲ್ಕೈದು ಬೈಕು ಬಂದವು. ಆಮೇಲೆ ಒಂದು ಉಡ ರಸ್ತೆ ದಾಟಿತು. ಅದಕ್ಕೆ ಕಾಲಂ ಇರಲಿಲ್ಲ.

ಎದುರಿನ ಗೂಡಂಗಡಿಯ ಅಕ್ಕ ತಡೆಯಲಾರದೆ ಎದ್ದು ಬಂದಳು.

"ಎಂತ ಬರೀತೆ ತಂಗಿ?"

ಹೇಳಿದೆ.

"ಗಾಡಿ ಕಮ್ಮಿ ಆದ್ರೆ ಎಂತ ಮಾಡ್ತ್ರು?"

"ಗೊತ್ತಿಲ್ಲ ಅಕ್ಕಾ. ರಸ್ತೆ ರಿಪೇರಿ ಮಾಡೂದಿಲ್ವೇನೋ" ಎಂದುಬಿಟ್ಟೆ. ಅದು ಬರೀ ನನ್ನ ಊಹೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಮರುದಿನ ಬೆಳಿಗ್ಗೆ ಕೆಂಪು ಸ್ಕೂಟರಿನಲ್ಲಿ ಒಬ್ಬ ಅಜ್ಜ ನನ್ನ ಮುಂದೆ ಹಾದು ಘಟ್ಟದ ಕಡೆ ಹೋದ. ಹತ್ತು ನಿಮಿಷಕ್ಕೆ ಕೆಳಗಿಳಿದ. ಮತ್ತೆ ಹತ್ತಿದ. ಅವನ ಹಿಂದೆ ಎರಡು ರಿಕ್ಷಾ, ಹಾಲಿನ ವ್ಯಾನು, ಗದ್ದೆಯಿಂದಲೇ ಎದ್ದು ಬಂದ ಟಿಲ್ಲರು. ಅಜ್ಜನನ್ನು ನಿಲ್ಲಿಸಿ, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಕೇಳಿದೆ.

"ಮೇಲೆ."

"ಮೇಲೆ ಎಂತ ಅದೆ?"

"ಎಂತದೂ ಇಲ್ಲ. ಗಾಡಿ ತಿರುಗಿಸೂಕೆ ಜಾಗ ಅದೆ" ಎಂದವನೇ ಹೊರಟ.

ನನಗೆ ಹೆದರಿಕೆಯಾಯಿತು. ಮೇಲ್ವಿಚಾರಕರಿಗೆ ಫೋನ್ ಮಾಡಿದೆ. "ಸರ್, ಒಂದೇ ಸ್ಕೂಟರು ಹನ್ನೊಂದು ಸಲ ಹೋಗಿದೆ."

"ಹೋದದ್ದನ್ನ ಬರಿ. ಯಾಕೆ ಹೋದ ಅಂತ ಕಾಲಂ ಇದೆಯಾ?"

"ಇಲ್ಲ ಸರ್."

"ಮತ್ತೆ?"

ಬರೆದೆ.

ಮೂರನೆಯ ದಿನ ಅವರೇ ತಪಾಸಣೆಗೆ ಹೊರಟರು. ಅಷ್ಟರಲ್ಲಿ ತಿರುವಿನಲ್ಲಿ ಟಿಲ್ಲರು ಅಡ್ಡ ನಿಂತು, ಬಸ್ಸೂ ಸಿಕ್ಕಿಬಿದ್ದು, ಆ ರಸ್ತೆ ಕಂಡರಿಯದ ಟ್ರಾಫಿಕ್ ಜಾಮ್ ಆಗಿತ್ತು. ಜೀಪನ್ನು ದೂರದಲ್ಲೇ ಬಿಟ್ಟು, ಬೆವರು ಒರೆಸಿಕೊಳ್ಳುತ್ತ ನಡೆದು ಬಂದ ಅವರು ನನ್ನ ಹಾಳೆ ನೋಡಿ, "ಪಾಪ, ಒಬ್ಬಳೇ ಹೇಗೆ ಸುಧಾರಿಸಿದೆ!" ಎಂದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅಕ್ಕ ಮಾತ್ರ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಸಾಹೇಬ್ರ ಜೀಪನ್ನೂ ಹಾಳೆಲಿ ಬರ್ಕಂಡ್ಯಾ?"

ಮಳೆಗಾಲ ಕಳೆದ ಮೇಲೆ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದೆ. ಒಂದು ಹೊಂಡವೂ ಮುಚ್ಚಿರಲಿಲ್ಲ. ತಿರುವಿನಲ್ಲಿ ಮೂರು ಹಂಪು, ಪಕ್ಕದಲ್ಲಿ ಹೊಸ ಬೋರ್ಡು: 'ವಾಹನ ದಟ್ಟಣೆ ಪ್ರದೇಶ, ನಿಧಾನವಾಗಿ ಚಲಿಸಿ.' ಮುಂದೆ ಹಿಂದೆ ಒಂದು ಸೈಕಲ್ಲೂ ಇಲ್ಲದ ರಸ್ತೆಯಲ್ಲಿ ಡ್ರೈವರು ಬೈಯುತ್ತ ಬಸ್ಸನ್ನು ಪೂರ್ತಿ ನಿಧಾನ ಮಾಡಿದ. ಮುಖ ತಿರುಗಿಸಿ ಕೂತೆ. ಅಕ್ಕನ ಕಣ್ಣಿಗೆ ಬಿದ್ದೇಬಿಟ್ಟೆ.

"ತಂಗೀ, ಮತ್ತೆ ಎಣಿಸೂಕೆ ಬಂದ್ರೆ ಮೊದ್ಲೇ ಹೇಳು," ಕಿಟಕಿಯ ಪಕ್ಕ ನಡೆಯುತ್ತಲೇ ಕೂಗಿದಳು, "ಈ ಸಲ ನಾವು ಯಾರೂ ಮನೆಯಿಂದ ಹೊರಗೆ ಬೀಳೂದಿಲ್ಲ!"