ಜಯನಗರದ ದುಂಡು ಬಾಲ್ಕನಿಗಳು

“ಫೋಟೋ ತಗದ್ರ ಡಿಗ್ರಿ ಕೊಡ್ತಾರಂತ? ನಮ್ಮ ಮನೆತನದಾಗ ಎಸ್ಸೆಲ್ಸಿ ದಾಟಿದವರಿಲ್ಲ, ಇಕಿ ದಾಟ್ತಾಳಂತ!” ಇಳಕಲ್ ಹತ್ತಿರದ ನಮ್ಮೂರ ಕಟ್ಟೆಯ ಮೇಲೆ, ನಾಲ್ಕು ಜನರ ಎದುರಿಗೆ ಹೀಗೆಂದವರು ನನ್ನ ಸೋದರಮಾವ ಬಸಪ್ಪ. ನಾನು ಬೆಂಗಳೂರಿಗೆ ಬಂದು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದೆ. ಹಗಲು ಫೋಟೋ ಸ್ಟುಡಿಯೋದಲ್ಲಿ ಕೆಲಸ, ಸಂಜೆ ಕಾಲೇಜಿನಲ್ಲಿ ಫೋಟೋಗ್ರಫಿ ಡಿಗ್ರಿ.

ನನ್ನ ನೆಲ ಇನ್ನೊಬ್ಬರ ಸೂರು ಎಂಬುದು ತಲೆಗೆ ಹತ್ತಿದ್ದು, ಕೆಳಗಿನ ಮನೆಯವರು ಬಾಗಿಲು ಬಡಿದು “ಸಿಲಿಂಡರ್ ಎಳೀಬೇಡಿ ಮೇಡಂ, ತಲೆ ಮೇಲೆ ರೈಲು ಹೋದಂಗಾಗತ್ತೆ” ಎಂದಾಗ. ಆಮೇಲೆ ಒಂದು ವಾರ ತುದಿಗಾಲಲ್ಲಿ ನಡೆದೆ. ನಮ್ಮ ಕಡೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತದೆ. ಇಲ್ಲಿ ಅದರ ಮೇಲೂ ಒಂದು ಸಂಸಾರ.

ಆ ಬೆರಗಿಗೇ ಇರಬೇಕು, ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಜಯನಗರದ ಹಳೆಯ ಅಪಾರ್ಟ್‌ಮೆಂಟ್‌ಗಳನ್ನು ಆರಿಸಿಕೊಂಡೆ. ಹಡಗಿನ ಮೂತಿಯಂಥ ದುಂಡು ಬಾಲ್ಕನಿ, ಸಿಮೆಂಟಿನ ಜಾಲರಿ ಗೋಡೆ, ತಾರಸಿಯಲ್ಲಿ ಕೊಡೆ ಬಿಚ್ಚಿಟ್ಟಂಥ ಚಪ್ಪರ. ಒಂದೊಂದಾಗಿ ಅವು ಉರುಳುತ್ತಿದ್ದವು, ಆ ಜಾಗದಲ್ಲಿ ಗಾಜಿನ ಮುಖದವು ಏಳುತ್ತಿದ್ದವು. ಪ್ರಾಜೆಕ್ಟ್ ಪಾಸಾಗದಿದ್ದರೆ ಡಿಗ್ರಿಯಿಲ್ಲ.

ಒಂದು ಬೆಳಿಗ್ಗೆ ಮೂರಂತಸ್ತಿನ ಕಟ್ಟಡವೊಂದರ ಎದುರು, ಕ್ಯಾಮೆರಾ ಸರಿಯಾಗಿ ನಟ್ಟನಡುವೆ ನಿಲ್ಲಲಿ ಎಂದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹೆಜ್ಜೆಯಲ್ಲಿ ಅಳೆಯುತ್ತಿದ್ದೆ. ಗೌಂಡಿ ಕೆಲಸದ ಅಪ್ಪ ಪಾಯ ಅಳೆಯುವುದೂ ಹಾಗೆಯೇ. ಮೊದಲ ಮಹಡಿಯಿಂದ ಕೂಗು ಬಂತು.

“ಏಯ್, ಯಾರಮ್ಮಾ ಅದು? ಏನ್ ಅಳೀತಿದೀಯಾ? ಬಿಲ್ಡರ್ ಕಡೆಯವಳಾ?”

“ಇಲ್ರೀ ಆಂಟಿ, ಕಾಲೇಜಿನಾಕಿ. ಫೋಟೋ ತಗಿಯಾಕ ಅಳಿಯಾಕತ್ತೀನ್ರೀ.”

ಆಂಟಿ ನಕ್ಕುಬಿಟ್ಟರು. “ಬಿಲ್ಡರ್ ಕಡೆಯವ್ರು ಲೇಸರ್ ಹಿಡ್ಕೊಂಡ್ ಬರ್ತಾರೆ ಬಿಡು, ಹಿಂಗೆ ಕಾಲಲ್ಲಿ ಅಳೆಯಲ್ಲ. ಮೇಲೆ ಬಾ, ಕಾಫಿ ಕುಡಿ.”

ಅವರ ಹೆಸರು ಸರೋಜಾ. ಆರು ಮನೆಗಳಲ್ಲಿ ಐದು ಮನೆಯವರು ಕಟ್ಟಡ ಕೆಡವಲು ಸಹಿ ಹಾಕಿದ್ದರು, ಹಾಕದವರು ಇವರೊಬ್ಬರೇ. ಒಳಗೆಲ್ಲ ಫೋಟೋ ತೆಗೆಯಲು ಬಿಟ್ಟರು. ಹೊರಡುವಾಗ ಮಾತ್ರ ಕೈಹಿಡಿದು, “ಮೆಟ್ಲತ್ರ ಬಿರುಕಿದ್ಯಲ್ಲ, ಅದನ್ನ ಯಾರಿಗೂ ತೋರಿಸ್ಬೇಡ ಕಣಮ್ಮ. ಅದನ್ನೇ ತೋರ್ಸಿ ಬಿಲ್ಡಿಂಗ್ ಬೀಳತ್ತೆ ಅಂತಾರೆ” ಎಂದರು. ನಾನು ಬೆರಳಿನಿಂದ ಬಡಿದು ನೋಡಿದೆ. ಮೇಲಿನ ಗಿಲಾವು ಒಡೆದಿತ್ತು, ಅಷ್ಟೇ, ಗೋಡೆ ಗಟ್ಟಿಯಿತ್ತು. “ತೋರ್ಸಂಗಿಲ್ರೀ” ಎಂದೆ.

ಆದರೆ ಅದರ ಚಿತ್ರ ಆಗಲೇ ತೆಗೆದಾಗಿತ್ತು. ಜಾಲರಿಯ ಬಿಸಿಲು ಬಿರುಕಿನ ಮೇಲೆ ಹಾದ ಆ ಚಿತ್ರವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಕಾಲೇಜಿನ ಸರ್ ನೋಡಿ, “ಸಖತ್ತಾಗಿದೆ. ಇದಿದ್ರೆ ಫಸ್ಟ್ ಕ್ಲಾಸ್. ಇಲ್ದಿದ್ರೆ ಪಾಸೂ ಡೌಟೇ ಕಣಮ್ಮ” ಎಂದರು. ಪ್ರಾಜೆಕ್ಟ್ ಚಿತ್ರಗಳನ್ನು ಕಾಲೇಜಿನಲ್ಲಿ ಪ್ರದರ್ಶನಕ್ಕಿಡುತ್ತಾರೆ, ಅದಕ್ಕೆ ಯಾರು ಬೇಕಾದರೂ ಬರಬಹುದಿತ್ತು, ಬಿಲ್ಡರ್ ಕೂಡ. ಎರಡು ದಿನ ಅದನ್ನು ಪ್ರಾಜೆಕ್ಟಿಗೆ ಸೇರಿಸಿದೆ, ತೆಗೆದೆ. ಮೂರನೆಯ ದಿನ ಅಳಿಸಿಹಾಕಿದೆ.

ಪಾಸಾದೆ. ಬರೀ ಪಾಸು. ಆದರೂ ನಮ್ಮ ಮನೆತನದ ಮೊದಲ ಡಿಗ್ರಿ, ತಲೆಯೆತ್ತಿಯೇ ಬರೆಯುತ್ತಿದ್ದೇನೆ.

ಘಟಿಕೋತ್ಸವಕ್ಕೆ ಅವ್ವ ಬಂದಳು. ಸಂಜೆಯ ಬಸ್ಸಿಗೆ ಇಬ್ಬರಿಗೂ ಟಿಕೆಟ್ ಮಾಡಿಸಿದ್ದೆ. ಊರಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಪ್ರಮಾಣಪತ್ರವನ್ನು ಅವಳ ಕೈಗಿಟ್ಟು, ಅಂಕ ಕಡಿಮೆಯಾದದ್ದೇಕೆಂದು ಎಲ್ಲ ಹೇಳಿದೆ. ಅವ್ವ ಓದಲಾರಳು. ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿ ಎದ್ದು ನಿಂತಳು.

“ನಡಿ, ಮೊದಲ ಆ ಅಕ್ಕಾರಿಗೆ ತೋರಿಸಿ ಬರೂಣು. ಊರು ನಾಳಿಗೂ ಇರತೈತಿ.”